ಮೇಟಿಗೆ ಕಟ್ಟಿದ ಮಷೀನು

2005ರ ಮಾರ್ಚ್ ತಿಂಗಳ ಒಂದು ಗುರುವಾರ, ಹಾವೇರಿ ತಾಲೂಕಿನ ಕರ್ಜಗಿಯ ಹೊರಗಿನ ಒಂದು ಕಣದಲ್ಲಿ, ಇಪ್ಪತ್ತೊಂದು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ರಾಶಿ ಮಷೀನನ್ನು ಮತ್ತೆ ಓಡಿಸಲಾಯಿತು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಶುರುವಾದ ಅದು ಹನ್ನೊಂದು ಐವತ್ತಕ್ಕೆ ನಿಂತಿತು. ಯಾರಿಗೂ ಗಾಯವಾಗಲಿಲ್ಲ.

ನಾನು ಆಗ ಹಾವೇರಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಆ ಮುಂಜಾನೆ ಕಣದಲ್ಲಿದ್ದೆ. ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆ ನೋಟ್‌ಬುಕ್ಕನ್ನು ಮತ್ತೆ ಹುಡುಕಿ ತೆಗೆಯಲು ಕಾರಣ ಒಂದು ವಾಸನೆ. 2009ರ ಡಿಸೆಂಬರಿನಲ್ಲಿ ಮೆಣಸಿನಕಾಯಿ ಹಂಗಾಮಿನ ಸುದ್ದಿಗೆಂದು ಬ್ಯಾಡಗಿಗೆ ಹೋಗಿದ್ದಾಗ, ಒಂದು ಖಾರದ ಗಿರಣಿಯ ಮುಂದೆ ನಿಂತಿದ್ದೆ. ಬ್ಯಾಡಗಿಯಲ್ಲಿ ಅರ್ಧ ದಿನ ಕಳೆದರೆ ಮೂಗು ಖಾರದ ಘಾಟಿಗೆ ಒಗ್ಗಿಬಿಡುತ್ತದೆ. ಆ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಬರುತ್ತಿತ್ತು. ಬಿಸಿಯಾದ ಚರ್ಮ, ಔಡಲೆಣ್ಣೆ, ರಾಳ. ಅದನ್ನು ನಾನು ಒಮ್ಮೆ ಮಾತ್ರ, ಕರ್ಜಗಿಯ ಆ ಕಣದಲ್ಲಿ, ನಲವತ್ತು ನಿಮಿಷ ಉಸಿರಾಡಿದ್ದೆ.

ಮಷೀನು ಎರಡು ಮನೆಗಳಿಗೆ ಸೇರಿದ್ದಾಗಿತ್ತು. ಅಣ್ಣ ತಮ್ಮ ಇಬ್ಬರು ಕೂಡಿ ತರಿಸಿದ್ದು. ಅಣ್ಣನ ಮಗಳು ನೀಲವ್ವ, ತಮ್ಮನ ಮಗ ಶಿವಾನಂದ. ಅಣ್ಣ ತಮ್ಮ ಇಬ್ಬರೂ ಈಗಿಲ್ಲ. ನೀಲವ್ವನಿಗೆ ಆಗ ಐವತ್ತಮೂರು ವರ್ಷ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಂದೆಯ ಪಾಲಿನ ಹೊಲವನ್ನು ತಾವೇ ನಿಂತು ಮಾಡಿಸುತ್ತಿದ್ದರು. ಶಿವಾನಂದ ಅವರಿಗಿಂತ ಹತ್ತು ವರ್ಷ ಸಣ್ಣವರು, ಟ್ರ್ಯಾಕ್ಟರ್ ಇದ್ದವರು. ಹೊಲ ಬೇರೆ ಬೇರೆ, ಕಣ ಒಂದೇ, ಶೆಡ್ಡೂ ಒಂದೇ. ಆ ಶೆಡ್ಡನ್ನು ಪೂರ್ತಿ ತುಂಬಿಕೊಂಡು ಮಷೀನು ನಿಂತಿತ್ತು.

ನಾನು ಅದನ್ನು ಮೊದಲು ನೋಡಿದ್ದು ಆ ವರ್ಷದ ಫೆಬ್ರುವರಿಯಲ್ಲಿ. ಬೇರಾವುದೋ ಸುದ್ದಿಗೆ ಕರ್ಜಗಿಗೆ ಹೋದವನನ್ನು ಚಹಾದಂಗಡಿಯವರು ಶೆಡ್ಡಿಗೆ ಕಳಿಸಿದರು. ಸಣ್ಣ ಲಾರಿಯಷ್ಟು ದೊಡ್ಡದು, ಮೈಯೆಲ್ಲ ಕಟ್ಟಿಗೆ, ನಾಲ್ಕು ಕಬ್ಬಿಣದ ಗಾಲಿ. ಯಾವ ದೇಶದ್ದೆಂದು ಹೇಳುವ ತಗಡಿನ ಮೇಲೆ ಅಕ್ಷರಗಳು ಅಳಿಸಿಹೋಗಿದ್ದವು. ಮೇಲಿನಿಂದ ತೆನೆ ಉಣಿಸಿದರೆ ಒಳಗಿನ ಕಬ್ಬಿಣದ ಡ್ರಮ್ಮು ತಿರುಗಿ ಕಾಳು ಬಿಡಿಸುತ್ತದೆ. ಒಂದು ಬಾಯಿಯಿಂದ ಕಾಳು, ಇನ್ನೊಂದರಿಂದ ಹೊಟ್ಟು ಹೊರಬೀಳುತ್ತದೆ. ಅದಕ್ಕೆ ಸ್ವಂತ ಇಂಜಿನ್ ಇಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಆಯಿಲ್ ಇಂಜಿನ್ ಕೂಡಿಸಿ, ಅಲ್ಲಿಂದ ಇಲ್ಲಿಗೆ ಉದ್ದನೆಯ ಚರ್ಮದ ಪಟ್ಟಾ ಹಾಕಿ ಓಡಿಸಬೇಕು.

ಅಕ್ಕ ತಮ್ಮ ಇಬ್ಬರೂ ಶೆಡ್ಡಿನ ಬಾಗಿಲಲ್ಲೇ ಇದ್ದರು. ಮಷೀನು ಇಡಬೇಕೋ ಗುಜರಿಗೆ ಹಾಕಬೇಕೋ ಎಂಬ ಮಾತು ನಾನು ಬರುವ ಮೊದಲೇ ನಡೆದಿತ್ತು.

"ನಾ ಬ್ಯಾಡನ್ನಂಗಿಲ್ಲಕ್ಕಾ," ಎಂದರು ಶಿವಾನಂದ. "ನನ್ನ ಟ್ರ್ಯಾಕ್ಟರ್ ಹೊರಗ ನಿಂತು ತುಕ್ಕ ಹಿಡ್ಯಾಕತ್ತೈತಿ. ಇದು ಒಳಗ ಕುಂತು ತುಕ್ಕ ಹಿಡ್ಯಾಕತ್ತೈತಿ. ಎರಡರಾಗ ಒಂದರ ಉಳೀಲಿ."

"ಈ ಸಲದ ರಾಶಿ ಇದ ಮಾಡ್ತೈತಿ," ಎಂದರು ನೀಲವ್ವ. "ಮಾಡ್ಲಿಲ್ಲಂದ್ರ ಗುಜರಿಯವಗ ನಾನ ಫೋನ್ ಹಚ್ಚತೇನಿ. ನೀ ಹಚ್ಚೂದು ಬ್ಯಾಡ."

"ನೋಡ ಮತ್ತ. ಪೇಪರಿನವ್ರ ಮುಂದ ಅಂದೀದಿ."

"ಅಂದೇನಿ. ಬರಕೋರಿ ಸರ."

ನಾನು ಬರೆದುಕೊಂಡೆ.

ನೀಲವ್ವನ ಕೈಯಲ್ಲಿ ಉದ್ದ ಮೂತಿಯ ಒಂದು ಎಣ್ಣೆಗಿಂಡಿ ಇತ್ತು. ಏಳೆಂಟು ವರ್ಷದವರಿದ್ದಾಗ ಅವರ ಕೆಲಸ ಅದೇ ಆಗಿತ್ತಂತೆ. ಮಷೀನು ಓಡುವಾಗ ಅದರ ಮೇಲೆ ಕುಳಿತು ಎಣ್ಣೆ ಹಾಕುವುದು. ಎಣ್ಣೆ ಹಾಕುವ ತೂತು ಹನ್ನೊಂದು ಎಂದರು, ಒಂದೊಂದನ್ನೂ ಮುಟ್ಟಿ ತೋರಿಸಿದರು. ಎರಡು ತೂತುಗಳಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. "ಅಪ್ಪ ಕೆಳಗ ನಿಂತು ಕೈ ಮಾಡ್ತಿದ್ದ, ನಾ ಮ್ಯಾಲಿಂದ ಹಾಕ್ತಿದ್ದೆ. ಊರಾಗ ನನಗ ಎಣ್ಣಿ ನೀಲಿ ಅಂತಿದ್ರು ನೋಡ್ರಿ," ಎಂದು ನಕ್ಕರು. ಹದಿನೆಂಟಕ್ಕೆ ಮದುವೆಯಾಗಿ ಹೋದರು. ತಿರುಗಿ ಬರುವಷ್ಟರಲ್ಲಿ ತಂದೆ ಹೋಗಿದ್ದರು, ಮಷೀನು ನಿಂತಿತ್ತು.

ಅದನ್ನು ಕೂಡಿಸಿ ಓಡಿಸಬಲ್ಲವರು ಒಬ್ಬರೇ ಉಳಿದಿದ್ದರು. ರಾಣೆಬೆನ್ನೂರಿನ ಫಿಟ್ಟರ್ ಮೋದಿನಸಾಬ. ಎಪ್ಪತ್ತು ದಾಟಿದ್ದರು. ಮಷೀನು ಊರಿಗೆ ಬಂದ ವರ್ಷ ಅದನ್ನು ಕೂಡಿಸಿದ್ದು ಅವರ ತಂದೆ. ಆಮೇಲೆ ಪ್ರತಿವರ್ಷ ಬಂದು ಓಡಿಸಿಕೊಟ್ಟಿದ್ದು ಇವರು. ನೀಲವ್ವ ಹೇಳಿಕಳಿಸಿದ ಮೂರನೆಯ ದಿನಕ್ಕೆ ಬಸ್ಸಿನಿಂದ ಇಳಿದರು. ಶೆಡ್ಡಿಗೆ ಬಂದವರು ಮಷೀನಿನ ಸುತ್ತ ಒಂದು ಸುತ್ತು ಹಾಕಿ, ಅದರ ಮಗ್ಗುಲನ್ನು ಎಮ್ಮೆಗೆ ತಟ್ಟಿದ ಹಾಗೆ ತಟ್ಟಿದರು.

"ಯವ್ವಾ, ಇದಕ್ಕ ನನಗಿಂತ ಹಲ್ಲ ಗಟ್ಟಿ ಅದಾವು," ಎಂದರು.

ಮೂರು ವಾರ ಅವರು ದಿನ ಬಿಟ್ಟು ದಿನ ಬಂದರು. ರಾಣೆಬೆನ್ನೂರಿನಿಂದ ಹಾವೇರಿ, ಹಾವೇರಿಯಿಂದ ಕರ್ಜಗಿ. ನಾನು ಬಿಡುವಾದಾಗ ಹೋಗಿ ನೋಡುತ್ತಿದ್ದೆ. ಅವರ ಕೆಲಸದಲ್ಲಿ ಮಾತು ಕಡಿಮೆ. ಜರಡಿಗಳನ್ನು ಕಳಚಿ ತೊಳೆಸಿದರು. ಇಲಿ ತಿಂದ ಹಲಗೆ ಬದಲಿಸಿದರು. ಡ್ರಮ್ಮಿನ ಅಚ್ಚನ್ನು ಹಿಡಿದ ಎರಡು ಬೀಡಿನ, ಅಂದರೆ ಎರಕದ ಕಬ್ಬಿಣದ, ಹಿಡಿಕೆಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒರೆಸಿ ಬೆಳ್ಳಗೆ ಮಾಡಿದರು. ಡ್ರಮ್ಮನ್ನು ಕೈಯಿಂದ ತಿರುಗಿಸಿ, ಒಂದು ಮೊಳ ಉದ್ದದ ಕಟ್ಟಿಗೆಯ ಒಂದು ತುದಿಯನ್ನು ಕಬ್ಬಿಣಕ್ಕೆ, ಇನ್ನೊಂದನ್ನು ತಮ್ಮ ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ನೀಲವ್ವ ಸುತ್ತಲಿದ್ದವರನ್ನು ಸುಮ್ಮನಾಗಿಸುತ್ತಿದ್ದರು. ಅವರು ಕಣ್ಣು ತೆರೆದು ತಲೆಯಾಡಿಸಿದ ಮೇಲೆಯೇ ಉಳಿದವರು ಮಾತಾಡಬೇಕು.

ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ಬಿಳಿಜೋಳದ ತೆನೆ ಮುರಿದು ಕಣದ ಒಂದು ಮಗ್ಗುಲಿಗೆ ಒಟ್ಟಿದರು. ಇನ್ನು ಉಳಿದದ್ದು ಪಟ್ಟಾ ಒಂದೇ. ಹಳೆಯದು ಹರಿದಿತ್ತು. ಮೋದಿನಸಾಬ ಅದನ್ನು ಸುತ್ತಿ ತಲೆಯ ಮೇಲೆ ಹೊತ್ತು ರಾಣೆಬೆನ್ನೂರಿನ ತಮ್ಮ ಅಂಗಡಿಗೆ ಒಯ್ದರು. ಒಂದು ರವಿವಾರ ನಾನು ಅಲ್ಲಿಗೆ ಹೋದೆ. ನೆಲಕ್ಕೆ ಕುಳಿತು ಪಟ್ಟಾದ ಎರಡು ತುದಿಗಳನ್ನು ತೊಗಲಿನ ದಾರದಿಂದ ಹೊಲಿಯುತ್ತಿದ್ದರು. ಪಕ್ಕದಲ್ಲಿ ಔಡಲೆಣ್ಣೆಯ ಡಬ್ಬಿ, ಪುಡಿ ಮಾಡಿದ ರಾಳ.

"ಒಳಮೈಗೆ ನೆಟ್ಟಗ, ಹೊರಮೈಗೆ ಅಡ್ಡಡ್ಡ," ಎಂದು ತೋರಿಸಿದರು. "ಗಾಲಿ ಮ್ಯಾಲೆ ಗಂಟ ಬಡೀಬಾರ್ದು ನೋಡ್ರಿ."

ಹೊಲಿಗೆಯ ಪಕ್ಕದಲ್ಲಿ ನಾಲ್ಕು ತೂತು ಕೊರೆದು ಖಾಲಿ ಬಿಟ್ಟಿದ್ದರು. ಯಾಕೆ ಎಂದು ಕೇಳಿದೆ.

"ಮುಂದ ಹರೀತದಲ್ರಿ. ಆವಾಗ ಹೊಲಿಯವಗ ಜಾಗಾ ಬೇಕಲ್ಲ. ಅವಾ ಯಾರೋ ಏನೋ, ನನಗ ಬೈಬಾರ್ದು."

ಯಾವಾಗ ಕರ್ಜಗಿಗೆ ಎಂದು ಕೇಳಿದೆ. "ಬೇಸ್ತವಾರ ಪಟ್ಟಾ ತಗೊಂಡ ಬರತೇನ್ರಿ ಸಾಹೇಬ್ರ. ಮೊದಲಿನ ಬಸ್ಸಿಗೆ," ಎಂದರು.

ಆ ರಾತ್ರಿ ಕಳಿಸಿದ ಐದು ಸಾಲಿನ ಸುದ್ದಿಯ ಕೊನೆಯ ಸಾಲಿನಲ್ಲಿ, ಮಷೀನು ಗುರುವಾರ ಓಡಲಿದೆ ಎಂದು ಬರೆದೆ. ಅವರು ಹೇಳಿದ್ದು ಗುರುವಾರ ಬರುತ್ತೇನೆ ಎಂದು. ಬಂದ ದಿನವೇ ಓಡಿಸುತ್ತಾರೆ ಎಂದು ನಾನು ಅಂದುಕೊಂಡೆ, ತಿರುಗಿ ಕೇಳಲಿಲ್ಲ. ಸುದ್ದಿ ಮಂಗಳವಾರದ ಪತ್ರಿಕೆಯಲ್ಲಿ ಬಂತು.

ಗುರುವಾರ ಒಂಬತ್ತಕ್ಕೆ ನಾನು ಹೋದಾಗ ಕಣದ ಅಂಚಿನಲ್ಲಿ ಚಪ್ಪಲಿಗಳ ದೊಡ್ಡ ಸಾಲು ಬಿದ್ದಿತ್ತು. ಕರ್ಜಗಿಯವರಲ್ಲದೆ ಹಾವೇರಿಯಿಂದ, ಬ್ಯಾಡಗಿ ಕಡೆಯಿಂದ, ಕಾಗಿನೆಲೆಯಿಂದ ಮಂದಿ ಬಂದಿದ್ದರು. ಒಬ್ಬರ ಕೈಯಲ್ಲಿ ಪೇಪರಿನ ತುಣುಕೂ ಇತ್ತು. ಬುಧವಾರ ಸಂಜೆಯೇ ಶಿವಾನಂದ ಟ್ರ್ಯಾಕ್ಟರಿಗೆ ಕಟ್ಟಿ ಮಷೀನನ್ನು ಎಳೆದು ತಂದು ಕಣದಲ್ಲಿ ನಿಲ್ಲಿಸಿದ್ದರು. ಗುರುವಾರ ನಸುಕಿನಲ್ಲಿ ನೀಲವ್ವ ನಾಲ್ಕು ಮಂದಿ ಹೆಂಗಸರನ್ನು ಕೂಡಿಸಿಕೊಂಡು ಇಡೀ ಕಣವನ್ನು ಸಗಣಿಯಿಂದ ಸಾರಿಸಿದ್ದರು. ನಡುವೆ ನೆಟ್ಟ ಮೇಟಿಗೆ, ಅಂದರೆ ಕಣದ ಕಂಬಕ್ಕೆ, ಪೂಜೆಯೂ ಆಗಿತ್ತು. ಮಷೀನಿಗೆ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ಹಸಿ ಇನ್ನೂ ಪೂರ್ತಿ ಆರದ ಆ ನೆಲ ಹಾಸಿಟ್ಟ ಬಟ್ಟೆಯ ಹಾಗೆ ಕಾಣುತ್ತಿತ್ತು.

ಮೋದಿನಸಾಬ ಪಟ್ಟಾ ಹೊತ್ತು ಬಂದರು. ಕಣದ ಅಂಚಿಗೆ ಬಂದು ನಿಂತವರು ಒಳಗೆ ಕಾಲಿಡಲಿಲ್ಲ.

"ಸಾರ್ಸಿಬಿಟ್ಟೀರೇನವ್ವಾ?"

"ಹೂಂ ಕಾಕಾ, ನಸಕಿನ್ಯಾಗ. ಯಾಕ?"

"ಗಾಲಿಗೆ ತೆಗ್ಗ ತಗೀಬೇಕಲ್ಲ ತಂಗಿ. ನಾಕೂ ಗಾಲಿ ಗೇಣುದ್ದ ನೆಲದಾಗ ಇಳೀಬೇಕು, ಹಿಂದ ಎರಡು ಗೂಟಾ ಬಡೀಬೇಕು. ಇಲ್ಲಂದ್ರ ಪಟ್ಟಾ ಇದನ್ನ ಇಂಜಿನ್ ಕಡೆ ಜಗ್ಗತೈತಿ."

ನೀಲವ್ವ ಸಾರಿಸಿದ ನೆಲದ ಕಡೆ ನೋಡಿದರು. ಆಮೇಲೆ, "ನನಗ ಗೊತ್ತ ಇರ್ಲಿಲ್ಲ ಕಾಕಾ," ಎಂದರು.

ಅದು ನಿಜ. ಅವರು ಆ ಮಷೀನನ್ನು ನೋಡಿದ್ದೆಲ್ಲ ಮೇಲಿನಿಂದ. ಹನ್ನೊಂದು ತೂತು ಬಾಯಿಪಾಠವಿತ್ತು. ಗಾಲಿಗಳು ಹೇಗಿದ್ದವೆಂದು ನೋಡಿದ ನೆನಪಿರಲಿಲ್ಲ. ಅವರ ತಂದೆಯ ಕಾಲದಲ್ಲಿ ಆ ಗುಂಡಿಗಳು ವರ್ಷದಿಂದ ವರ್ಷಕ್ಕೆ ಅಲ್ಲೇ ಇರುತ್ತಿದ್ದವಂತೆ. ಮೊದಲು ಮಷೀನು ಕೂಡಿಸುವುದು, ಆಮೇಲೆ ಅದರ ಸುತ್ತ ಸಾರಿಸುವುದು. ಯಾರೂ ಯಾರಿಗೂ ಹೇಳಬೇಕಾದ ವಿಷಯವಾಗಿರಲಿಲ್ಲ. ಹಾಗಾಗಿ ಮೋದಿನಸಾಬರೂ ಹೇಳಿರಲಿಲ್ಲ. ಶುಕ್ರವಾರ ಗುಂಡಿ, ಶನಿವಾರ ಸಾರಣೆ, ರವಿವಾರ ಓಟ. ಅವರ ಲೆಕ್ಕ ಹೀಗಿತ್ತೆಂದು ಆ ದಿನ ಅವರ ಬಾಯಿಂದಲೇ ಕೇಳಿದೆ.

"ಬೇಸ್ತವಾರ ಅಂತ ಪೇಪರಿನ್ಯಾಗ ಬಂದೈತಲ್ಲ ಕಾಕಾ," ಎಂದರು ನೀಲವ್ವ.

ಮೋದಿನಸಾಬ ನನ್ನ ಕಡೆ ನೋಡಿದರು. ನಾನು ನೋಟ್‌ಬುಕ್ಕಿನ ಹಾಳೆ ತಿರುವಿದೆ.

ಆ ಮನೆತನದಲ್ಲಿ ಸಾರಿಸಿ ಪೂಜೆ ಮಾಡಿದ ಕಣಕ್ಕೆ ಗುದ್ದಲಿ ಹಚ್ಚುವುದಿಲ್ಲ. ರಾಶಿ ಮುಗಿದು ಕಾಳು ಮನೆ ಸೇರುವವರೆಗೆ ಆ ನೆಲವನ್ನು ಅಗೆಯಬಾರದು, ಅದಕ್ಕೆ ಗೂಟ ಹೊಡೆಯಬಾರದು. ಮೇಟಿ ಪೂಜೆಯಾದ ದಿನ ಹೊತ್ತು ಮುಳುಗುವುದರೊಳಗೆ ರಾಶಿ ಶುರುವಾಗಬೇಕು. ಈ ಎರಡು ಮಾತನ್ನು ಯಾರೂ ಎತ್ತಿ ಆಡಲಿಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಆಮೇಲೆ ಕೇಳಿ ತಿಳಿದುಕೊಂಡೆ.

ಶಿವಾನಂದ ಮಾತ್ರ, "ಅಕ್ಕಾ, ನಾಕ ತೆಗ್ಗ ಏನಾಗತೈತಿ? ತಗದು, ಮತ್ತ ಸಾರಿಸಿದ್ರಾತು," ಎಂದರು.

"ನೀ ತಗೀತೀಯೇನು?"

ಶಿವಾನಂದ ಗುದ್ದಲಿಯ ಕಡೆ ನೋಡಿದರು. ಕೈ ಹಚ್ಚಲಿಲ್ಲ.

"ಕಾಕಾ, ನೀವು?"

"ಯವ್ವಾ, ನಮ್ಮಪ್ಪ ಐವತ್ತ ಕಣಾ ನೋಡಿದಾಂವ. ಸಾರ್ಸಿದ ಕಣಕ್ಕ ಅವಾ ಉಗುರ ಸೈತ ಹಚ್ಚಿಲ್ಲ. ನಾ ಹ್ಯಾಂಗ ಹಚ್ಚಲಿ?"

ಮಂದಿಯಲ್ಲಿ ಒಬ್ಬ ದಪ್ಪ ಮನುಷ್ಯ, "ಗೂಟಾ ಬ್ಯಾಡಂದ್ರ ನಾವು ನಾಕ ಮಂದಿ ಮ್ಯಾಲೆ ಕುಂದರ್ತೇವಿ ತಗೋರಿ, ಅಲಗ್ಯಾಡಂಗಿಲ್ಲ," ಎಂದ.

"ನೀ ಕುಂತ್ರ ಮಷೀನಲ್ಲ, ಕಣಾನ ಕುಸೀತೈತಿ," ಎಂದು ಹಿಂದಿನಿಂದ ಉತ್ತರ ಬಂತು. ಎಲ್ಲರೂ ನಕ್ಕರು. ನೀಲವ್ವನೂ ನಕ್ಕರು.

ಕಣದ ಆಚೆ ದಂಡೆಯಲ್ಲಿ ಗೂಟ ಹೊಡೆದು ಸರಪಳಿ ಕಟ್ಟಬಹುದಿತ್ತು. ಸರಪಳಿ ಅಷ್ಟುದ್ದ ಇರಲಿಲ್ಲ. ಮಷೀನಿನ ಹಿಂದೆ ಆರು ಹೆಜ್ಜೆ ದೂರದಲ್ಲಿ ಮೇಟಿ ಇತ್ತು. ಹಿಂದೆ ಎತ್ತುಗಳನ್ನು ಅದಕ್ಕೇ ಕಟ್ಟಿ ತೆನೆ ತುಳಿಸುತ್ತಿದ್ದರು. ಮೇಟಿಗೆ ಕಟ್ಟುವುದು ನೇಮಕ್ಕೆ ವಿರುದ್ಧವಲ್ಲ. ಮೋದಿನಸಾಬ ಬರಿಗಾಲಲ್ಲಿ ಹೋಗಿ ಕಂಬಕ್ಕೆ ಭುಜ ಕೊಟ್ಟು ನೂಕಿ ನೋಡಿದರು. ಅಲುಗಲಿಲ್ಲ.

"ಎಷ್ಟ ವರ್ಷದ್ದವ್ವಾ ಇದು?"

"ಅಪ್ಪನ ಕಾಲದ್ದು. ಕರಿಜಾಲಿ. ಕಬ್ಬಿಣ ಇದ್ದಂಗ ಐತಿ."

ಕಂಬ ಆ ಕಾಲದ್ದೇ. ಆದರೆ ಅದನ್ನು ಪ್ರತಿವರ್ಷ ಕಿತ್ತು ಹೊಸದಾಗಿ ನೆಡುತ್ತಿದ್ದರು. ಎತ್ತುಗಳು ಸುತ್ತುತ್ತಿದ್ದಾಗ ಎದೆಯಾಳಕ್ಕೆ ಹುಗಿಯುತ್ತಿದ್ದ ಮೇಟಿ, ಪೂಜೆಗೆ ಮಾತ್ರ ಎಂದಾದ ಮೇಲೆ ಒಂದು ಮೊಳಕ್ಕೆ ಬಂದಿತ್ತು. ಎಷ್ಟು ಆಳ ಎಂದು ಯಾರೂ ಕೇಳಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಕಂಬದ ಮರ, ವಯಸ್ಸು, ಎತ್ತರ ಇವೆ.

ಗಾಲಿಗಳ ಕೆಳಗೆ ಕಟ್ಟಿಗೆಯ ದಿಮ್ಮಿಗಳನ್ನು ಕೊಟ್ಟು ಸಮ ಮಾಡಿದರು. ನೀಲವ್ವನ ಮನೆಯ ಹಿತ್ತಾಳೆ ತಾಟಿನಲ್ಲಿ ನೀರು ಹಾಕಿ ಮಷೀನಿನ ನೆತ್ತಿಯ ಮೇಲಿಟ್ಟು, ನೀರು ನಾಲ್ಕೂ ಕಡೆ ಒಂದೇ ಗೆರೆಗೆ ಬರುವವರೆಗೆ ದಿಮ್ಮಿ ತಟ್ಟಿದರು. ಸರಪಳಿಯಿಂದ ಮಷೀನನ್ನು ಮೇಟಿಗೆ ಬಿಗಿದರು. ಇಂಜಿನ್ ಕಣದ ಹೊರಗಿತ್ತು. ಅದಕ್ಕೆ ಗುಂಡಿ, ಗೂಟ ಎಲ್ಲ ಆಗಿತ್ತು. ಶಿವಾನಂದ ಹ್ಯಾಂಡಲ್ ಹಾಕಿ ತಿರುಗಿಸಿದರು. ಮೂರನೆಯ ಸಲಕ್ಕೆ ಹೊಗೆ ಉಗುಳಿ ಹತ್ತಿಕೊಂಡಿತು. ಮೋದಿನಸಾಬ ಓಡುವ ಪಟ್ಟಾಕ್ಕೆ ಔಡಲೆಣ್ಣೆ ಸವರಿ ರಾಳ ಎರಚಿದರು. ಪಟ್ಟಾ ಗಾಲಿಯನ್ನು ಹಿಡಿಯಿತು. ಡ್ರಮ್ಮು ತಿರುಗಿತು.

ಆಮೇಲಿನ ಅರ್ಧ ಗಂಟೆಯ ಬಗ್ಗೆ ನಾನು ಬರೆದುಕೊಂಡದ್ದು ಕಡಿಮೆ, ನೋಡಿದ್ದು ಹೆಚ್ಚು. ಮೂವರು ಗಂಡಸರು ಮೇಲೆ ನಿಂತು ತೆನೆ ಉಣಿಸುತ್ತಿದ್ದರು. ನೀಲವ್ವ ಸೀರೆಯ ಕಚ್ಚೆ ಬಿಗಿದು ಮಷೀನಿನ ಮೇಲೆ ಏರಿದ್ದರು, ಕೈಯಲ್ಲಿ ಎಣ್ಣೆಗಿಂಡಿ. ಒಂದೊಂದೇ ತೂತಿಗೆ ಬಗ್ಗುತ್ತಿದ್ದರು. ಕೆಳಗೆ ಮೋದಿನಸಾಬ ಕಟ್ಟಿಗೆಯನ್ನು ಕಿವಿಗೆ ಹಚ್ಚಿಕೊಂಡು ಒಮ್ಮೊಮ್ಮೆ ಕೈ ಮಾಡುತ್ತಿದ್ದರು, ಅವರು ಅತ್ತ ಎಣ್ಣೆ ಹಾಕುತ್ತಿದ್ದರು. ಕಾಳಿನ ಬಾಯಿಗೆ ಒಡ್ಡಿದ ಪುಟ್ಟಿ ತುಂಬಿತು. ಮೊದಲನೆಯ ಪುಟ್ಟಿಗೆ ಒಂದು ಎನ್ನದೆ, ಅಳೆಯುವ ಮುದುಕ "ಲಾಭ" ಎಂದು ಕೂಗಿ ಸುರಿದ. ಹೊಟ್ಟು ಹಾರಿ ಎಲ್ಲರ ತಲೆ ಬೆಳ್ಳಗಾಯಿತು. ಜೋಳ ಬೆಳ್ಳಗೆ, ಒಂದೂ ಒಡೆಯದೆ ಬೀಳುತ್ತಿತ್ತು. ಮೋದಿನಸಾಬ ಒಂದು ಮುಷ್ಟಿ ತೆಗೆದುಕೊಂಡು ಶಿವಾನಂದನ ಅಂಗೈಗೆ ಹಾಕಿದರು. ಶಿವಾನಂದ ಅದನ್ನು ತಿರುವಿ ನೋಡಿ ಕಿಸೆಗೆ ಹಾಕಿಕೊಂಡರು.

ಹನ್ನೊಂದು ನಲವತ್ತಮೂರಕ್ಕೆ ನಾನು ಹೀಗೆ ಬರೆದಿದ್ದೇನೆ: "ಬಿಸಿಲಿಗೆ ಮೇಟಿಯ ಬುಡದಲ್ಲಿ ಸಾರಣೆ ಬಿರಿದಿದೆ."

ಹನ್ನೊಂದು ಐವತ್ತರ ಹೊತ್ತಿಗೆ ಮೋದಿನಸಾಬ ಕಟ್ಟಿಗೆಯನ್ನು ಕಿವಿಯಿಂದ ತೆಗೆದರು. ಮಷೀನನ್ನು ನೋಡಲಿಲ್ಲ, ತಿರುಗಿ ಮೇಟಿಯನ್ನು ನೋಡಿದರು. ಎರಡೂ ಕೈ ಎತ್ತಿದರು. ಶಿವಾನಂದ ನೋಡಿದ ಕೂಡಲೇ ಇಂಜಿನ್ನಿಗೆ ಎಣ್ಣೆ ಬಂದ್ ಮಾಡಿದರು. ಆದರೆ ಅಂಥ ಇಂಜಿನ್ ಆ ಕ್ಷಣಕ್ಕೆ ನಿಲ್ಲುವುದಿಲ್ಲ. ಅದರ ಎರಡು ದೊಡ್ಡ ಗಾಲಿಗಳು ತಮ್ಮ ಭಾರಕ್ಕೇ ತಿರುಗುತ್ತಿರುತ್ತವೆ. ಶಿವಾನಂದ ಒಂದು ದಿಮ್ಮಿಯನ್ನು ಎತ್ತಿ ಗಾಲಿಗೆ ಒತ್ತಿ ಹಿಡಿದರು, ಮೈ ಭಾರ ಹಾಕಿ. ದಿಮ್ಮಿ ಹೊಗೆಯಾಡಿತು. ಗಾಲಿ ತಿರುಗುತ್ತಲೇ ಇತ್ತು. ಮೇಟಿ ನಿಧಾನವಾಗಿ, ಯಾರೋ ಬಗ್ಗಿದ ಹಾಗೆ, ಮಷೀನಿನ ಕಡೆ ಬಾಗಿತು. ಅಷ್ಟೂ ಮಂದಿ ಅದನ್ನು ನೋಡಿದೆವು. ಯಾರಿಗೂ ಮಾಡಲು ಏನೂ ಇರಲಿಲ್ಲ.

ಮಷೀನು ಒಂದು ಗೇಣು ಮುಂದೆ ಸರಿಯಿತು. ಎಡಗಡೆಯ ಮುಂದಿನ ಗಾಲಿ ದಿಮ್ಮಿಯಿಂದ ಕೆಳಗೆ ಬಿತ್ತು. ಒಂದು ಸದ್ದಾಯಿತು, ದೊಡ್ಡದಲ್ಲ, ತಾಟು ನೆಲಕ್ಕೆ ಬಿದ್ದಷ್ಟು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಆಮೇಲೆ ಪಟ್ಟಾ ಕಳಚಿ ಕಣದ ಮೇಲೆ ಉದ್ದಕ್ಕೆ ಬಿತ್ತು.

ತೆನೆ ಉಣಿಸುತ್ತಿದ್ದವರು ಹಾರಿಕೊಂಡರು. ನೀಲವ್ವ ಕೊನೆಗೆ ಇಳಿದರು, ಗಿಂಡಿಯನ್ನು ನೆಟ್ಟಗೆ ಹಿಡಿದುಕೊಂಡೇ. ಡ್ರಮ್ಮಿನ ಅಚ್ಚನ್ನು ಹಿಡಿದಿದ್ದ ಎಡಗಡೆಯ ಬೀಡಿನ ಹಿಡಿಕೆ ಎರಡು ಹೋಳಾಗಿತ್ತು. ಮೋದಿನಸಾಬ ಹೋಳುಗಳನ್ನು ತೆಗೆದು, ಒಂದಕ್ಕೊಂದು ಕೂಡಿಸಿ ನೋಡಿ, ತಲೆಯ ಟವೆಲ್ ಬಿಚ್ಚಿ ಅದರಲ್ಲಿ ಕಟ್ಟಿದರು.

"ಮೇಟಿ ಎಷ್ಟ ಆಳ ಐತಿ ಅಂತ ನಾ ಕೇಳಬೇಕಿತ್ತು," ಎಂದರು.

"ನಾ ಹೇಳಬೇಕಿತ್ತು ಕಾಕಾ," ಎಂದರು ನೀಲವ್ವ.

ಉಳಿದ ತೆನೆಯನ್ನು ಅದೇ ಸಂಜೆ ಪಕ್ಕದೂರಿನ ಟ್ರ್ಯಾಕ್ಟರ್ ಮಷೀನು ಬಂದು ಎರಡು ತಾಸಿನಲ್ಲಿ ಮುಗಿಸಿತು.

ಮರುದಿನ ಪತ್ರಿಕೆಯಲ್ಲಿ ನನ್ನ ಸುದ್ದಿ ದೊಡ್ಡ ಚಿತ್ರದ ಜೊತೆ ಬಂತು. ಚಿತ್ರ ಮೊದಲ ಹತ್ತು ನಿಮಿಷದಲ್ಲಿ ತೆಗೆದದ್ದು. ಮಷೀನು ಮುರಿದದ್ದನ್ನು ಕೊನೆಯ ಪ್ಯಾರಾದಲ್ಲಿ ಬರೆದಿದ್ದೆ. ಪುಟದಲ್ಲಿ ಜಾಗ ಸಾಲದೆ ಆ ಪ್ಯಾರಾ ಹೋಯಿತು. ಕೊನೆಯಿಂದ ಕತ್ತರಿಸುವುದು ಡೆಸ್ಕಿನ ರೂಢಿ. ಅದು ನನಗೆ ಗೊತ್ತಿತ್ತು. ಯುಗಾದಿಯವರೆಗೆ ಬ್ಯಾಡಗಿ, ರಾಣೆಬೆನ್ನೂರು ಕಡೆಯ ರೈತರು ನೀಲವ್ವನ ಮನೆಗೆ ಬರುತ್ತಿದ್ದರು, ನಮ್ಮದೂ ರಾಶಿ ಮಾಡಿಕೊಡಿ ಎಂದು. ಬಂದವರಿಗೆಲ್ಲ ಅವರು ಚಹಾ ಕೊಟ್ಟು, ಶೆಡ್ಡಿನ ಬಾಗಿಲು ತೆಗೆದು ತೋರಿಸಿ ಕಳಿಸುತ್ತಿದ್ದರಂತೆ. ರಾಣೆಬೆನ್ನೂರಿನಲ್ಲಿ ಮಂದಿ ಮೋದಿನಸಾಬರ ಅಂಗಡಿಗೆ ಬಂದು ಶಾಬಾಸ್ ಹೇಳಿಹೋದರು. "ಏನ ಹೇಳ್ಲಿ ಸಾಹೇಬ್ರ, ಹೂಂ ಅಂದೆ," ಎಂದು ಅವರೇ ನನಗೆ ಹೇಳಿದರು. ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಹಾಕಿಸಲಿಲ್ಲ.

ಶಿವಾನಂದ ಮಷೀನನ್ನು ಹೊರಗೆ ಹಾಕಿಸಲಿಲ್ಲ. "ನಲವತ್ತ ಮಿನಿಟ್ ಓಡೇತಲ್ಲ, ಓಡಿದಂಗ ಲೆಕ್ಕ. ಇನ್ನೊಂದ ವರ್ಷ ತಾಳ್ತೇನಿ," ಎಂದರು. ಆ ಬೇಸಿಗೆ ಮೋದಿನಸಾಬ ಆ ಎರಡು ಹೋಳುಗಳ ಹಿಂದೆ ಬಿದ್ದರು. ಎರಡು ಸಲ ಬೆಸುಗೆ ಹಾಕಿಸಿದರು. ಬೀಡು ಬೆಸುಗೆ ಹಿಡಿಯಲಿಲ್ಲ, ಆರುವಾಗ ಅದೇ ಗೆರೆಯಲ್ಲಿ ಬಿಟ್ಟಿತು. ಆಮೇಲೆ ಹೊಸದನ್ನು ಎರಕ ಹೊಯ್ಯಿಸಲು ಅದರ ಅಳತೆಗೆ ಕಟ್ಟಿಗೆಯ ಮಾದರಿಯನ್ನು ತಾವೇ ಕೆತ್ತಿದರು. ಒಂದೇ ಒಂದು ತುಣುಕಿಗಾಗಿ ಬೀಡು ಕರಗಿಸಲು ಒಪ್ಪುವವರು ಸಿಗುವಷ್ಟರಲ್ಲಿ ಮಳೆಗಾಲ ಮುಗಿಯಿತು. ದೀಪಾವಳಿಯ ಹೊತ್ತಿಗೆ ಹೊಸ ಹಿಡಿಕೆ ಬಂತು. ಕೂಡಿಸಿದರು. ಕೂಡಿತು.

2006ರ ಫೆಬ್ರುವರಿಯಲ್ಲಿ, ಕಣ ಸಾರಿಸುವ ಮೊದಲು, ನೀಲವ್ವ ತಾವೇ ಗುದ್ದಲಿ ಹಿಡಿದು ನಾಲ್ಕು ಗುಂಡಿ ತೆಗೆದರು. ಮೇಟಿಯನ್ನು ಎದೆಯಾಳಕ್ಕೆ ಹುಗಿಸಿದರು. ಮಷೀನು ಗುಂಡಿಗೆ ಇಳಿಯಿತು. ತಾಟಿನ ನೀರು ಸಮನಾಗಿ ನಿಂತಿತು. ಆ ದಿನ ನಾನು, ಅಕ್ಕ ತಮ್ಮ, ಮೋದಿನಸಾಬ ನಾಲ್ಕೇ ಮಂದಿ. ಪತ್ರಿಕೆಗೆ ಏನೂ ಕೊಟ್ಟಿರಲಿಲ್ಲ.

ಮೋದಿನಸಾಬ ಡ್ರಮ್ಮನ್ನು ಕೈಯಿಂದ ತಿರುಗಿಸಿ ಕಟ್ಟಿಗೆಯನ್ನು ಕಿವಿಗೆ ಹಚ್ಚಿದರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಪಕ್ಕದ ತಗಡನ್ನು ಬಿಚ್ಚಿಸಿದರು. ಒಂದು ವರ್ಷ ಯಾರೂ ಬಿಚ್ಚಿರದ ತಗಡು. ಅದರ ಹಿಂದೆ ಡ್ರಮ್ಮಿನ ಭಾರ ಹೊತ್ತ ತೊಲೆ ಉದ್ದಕ್ಕೆ ಸೀಳಿತ್ತು. ಗಾಲಿ ಬಿದ್ದ ದಿನವೇ ಸೀಳಿದ್ದು. ಸೀಳಿನೊಳಗೆ ಹಿಂದಿನ ವರ್ಷದ ಜೋಳದ ಕಾಳುಗಳು ಸಿಕ್ಕಿಕೊಂಡಿದ್ದವು.

"ಪಟ್ಟಿ ಹೊಡದ್ರ?" ಎಂದು ಶಿವಾನಂದ ಕೇಳಿದರು.

"ಹೊಡೀಬಹುದು. ಓಡೂನೂ ಓಡ್ತೈತಿ."

"ಮತ್ತ?"

"ಮ್ಯಾಲೆ ಮೂರು ಮಂದಿ ನಿಂತು ಕೈಲೆ ತೆನಿ ಉಣಸ್ತಾರಪಾ. ನೀಲವ್ವ ಅಲ್ಲೇ ಇರ್ತಾಳ. ತೊಲಿ ಬಿಟ್ರ ಡ್ರಮ್ಮು ಎತ್ತಾಗ ಹೊಕ್ಕೈತಿ ಯಾರಿಗ್ಗೊತ್ತು?" ಅವರು ಕಟ್ಟಿಗೆಯನ್ನು ಕೆಳಗಿಟ್ಟರು. "ನಾ ಓಡ್ಸಂಗಿಲ್ಲ ಯವ್ವಾ. ಬ್ಯಾರೆ ಯಾರರ ಓಡಸ್ತೇನಂದ್ರೂ ಬ್ಯಾಡ ಅನ್ರಿ."

ಹೊಸ ತೊಲೆ ಹಾಕಬೇಕೆಂದರೆ ಇಡೀ ಮೈಯನ್ನು ಬಿಚ್ಚಿ ಮತ್ತೆ ಕೂಡಿಸಬೇಕು. ಅದನ್ನು ಬಲ್ಲ ಬಡಿಗ ಅವರಿಗೆ ಗೊತ್ತಿದ್ದವರಲ್ಲಿ ಯಾರೂ ಉಳಿದಿರಲಿಲ್ಲ. ನೀಲವ್ವ ತೊಲೆಯ ಸೀಳಿಗೆ ಬೆರಳು ಹಾಕಿ ಎರಡು ಕಾಳು ತೆಗೆದರು.

"ಶಿವೂ, ಗುಜರಿಯವನ ನಂಬರ್ ಕೊಡು," ಎಂದರು.

"ಇರ್ಲಿ ಬಿಡಕ್ಕಾ. ಟ್ರ್ಯಾಕ್ಟರಿಗೆ ಬ್ಯಾರೆ ಶೆಡ್ ಹಾಕಸ್ತೇನಿ. ಏನ್ ಇದು ಅನ್ನಾ ಕೇಳತೈತೇನು?"

"ಮಾತ ಆಡೇನಿ."

"ಅದನ್ಯಾರ ನೆನಪಿಟ್ಟಾರ ಈಗ?"

"ಸರ್ ಬರಕೊಂಡಾರ," ಎಂದರು ನೀಲವ್ವ.

ಇಬ್ಬರೂ ನನ್ನ ಕಡೆ ನೋಡಿದರು. ಬರೆದುಕೊಂಡದ್ದು ನಿಜವಾಗಿತ್ತು.

ಆ ಏಪ್ರಿಲ್ಲಿನಲ್ಲಿ ಮಷೀನನ್ನು ಬಿಚ್ಚಿ ಲಾರಿಗೆ ಹೇರಿದರು. ಪಟ್ಟಾ, ಸರಪಳಿ ಎಲ್ಲ ಅದರ ಜೊತೆ ಹೋಯಿತು. ಎಣ್ಣೆಗಿಂಡಿ ಹೋಗಲಿಲ್ಲ. ನಾಲ್ಕು ಗುಂಡಿ ಎರಡು ಮಳೆಗಾಲ ಹಾಗೇ ಇದ್ದವು, ಆಮೇಲೆ ತಾವೇ ತುಂಬಿಕೊಂಡವು. ಮೋದಿನಸಾಬ 2008ರಲ್ಲಿ ರಾಣೆಬೆನ್ನೂರಿನಲ್ಲಿ ತೀರಿಕೊಂಡರು. ಸುದ್ದಿ ನನಗೆ ತಿಂಗಳ ಮೇಲೆ ಗೊತ್ತಾಯಿತು.

ಬ್ಯಾಡಗಿಯ ಗಿರಣಿಯಲ್ಲಿ ಆ ವಾಸನೆ ಬಂದ ದಿನ ನಾನು ಒಳಗೆ ಹೋಗಿ, ಗಿರಣಿ ನಿಲ್ಲಿಸಿದಾಗ ಅದರ ಪಟ್ಟಾ ತೋರಿಸಿ ಎಂದು ಕೇಳಿಕೊಂಡೆ. ಪಟ್ಟಾ ಹಳೆಯದು, ಕತ್ತರಿಸಿ ಉದ್ದ ಕಡಿಮೆ ಮಾಡಿದ್ದು. ಹೊಲಿಗೆ ಒಳಮೈಗೆ ನೆಟ್ಟಗೆ, ಹೊರಮೈಗೆ ಅಡ್ಡಡ್ಡ. ಪಕ್ಕದಲ್ಲಿ ನಾಲ್ಕು ಖಾಲಿ ತೂತು. ರಾಣೆಬೆನ್ನೂರಿನ ಗುಜರಿಯಲ್ಲಿ ತೆಗೆದುಕೊಂಡದ್ದು ಎಂದು ಗಿರಣಿಯವರು ಹೇಳಿದರು.

ಅಲ್ಲಿಂದಲೇ ನೀಲವ್ವನಿಗೆ ಫೋನ್ ಮಾಡಿದೆ.

"ಎಣ್ಣಿ ಹಚ್ಚತಾರೇನ್ರಿ ಸರ ಅದಕ್ಕ?" ಎಂದು ಕೇಳಿದರು.

ಹಚ್ಚುತ್ತಾರೆ ಎಂದೆ.

"ದಿನಾ ಎಷ್ಟ ತಾಸ ಓಡಸ್ತಾರ?"

ಗಿರಣಿಯವರನ್ನು ಕೇಳಿ, ಹಂಗಾಮಿನಲ್ಲಿ ಆರು ತಾಸು ಎಂದೆ.

"ಯಾವ ಓಣ್ಯಾಗ ಬರತೈತಿ ಅದು?"

ಹೇಳಿದೆ.

ಕರ್ಜಗಿಯಲ್ಲಿಯೇ ಖಾರದ ಗಿರಣಿ ಇದೆ. ಮರುವರ್ಷ ಬ್ಯಾಡಗಿಗೆ ಹೋದಾಗ ಗಿರಣಿಯವರು ಹೇಳಿದ ಪ್ರಕಾರ, ನೀಲವ್ವ ಈಗ ತಮ್ಮ ಮನೆಯ ಮೆಣಸಿನಕಾಯಿಯನ್ನು ಎರಡು ಬಸ್ಸು ಬದಲಿಸಿ ಅಲ್ಲಿಗೆ ತಂದು ಕುಟ್ಟಿಸುತ್ತಾರೆ. ಬರುವಾಗ ಉದ್ದ ಮೂತಿಯ ಒಂದು ಗಿಂಡಿಯನ್ನು ಜೊತೆಗೆ ತರುತ್ತಾರೆ.